ಊರಿಗೆ ಹೆಗಲು ಕೊಟ್ಟವನು

ಆ ದಿನ ಮಾವನ ಮನೆಯ ಅಂಗಳದಲ್ಲಿ ಎಲ್ಲರೂ ಸುತ್ತ ಕೂತು ಅವರೆಕಾಳು ಹಿಸುಕುತ್ತಿದ್ದೆವು. ಪುಷ್ಯಮಾಸದ ಚಳಿ. ನೆನೆಹಾಕಿದ ಕಾಳು ಬೆರಳಿಗೆ ತಣ್ಣಗೆ ಕೊರೆಯುತ್ತಿತ್ತು. ಮಾವ ಅಂದರೆ ನಮ್ಮವ್ವನ ಅಣ್ಣ. ಅವನ ಮನೆ, ಹೊಲ ಹೆಮ್ಮರಗಾಲದ ಹತ್ತಿರದ ಒಂದು ಹಳ್ಳಿಯಲ್ಲಿ. ನಮ್ಮದು ತಿರುಮಕೂಡಲು ನರಸೀಪುರ. ಅವರೆಕಾಯಿ ಕಾಲಕ್ಕೆ ಅವ್ವ ಅಕ್ಕನನ್ನೂ ನನ್ನನ್ನೂ ಗಾಡಿಯಲ್ಲಿ ಕೂರಿಸಿಕೊಂಡು ತವರಿಗೆ ಹೋಗುವುದು ವಾಡಿಕೆ.

ಮಾವ ಕಾಳನ್ನು ಹೆಬ್ಬೆರಳಲ್ಲಿ ಒತ್ತಿ, ಬೇಳೆ ಚಿಮ್ಮಿ ಅಕ್ಕನ ಮೂಗಿಗೆ ಬೀಳುವ ಹಾಗೆ ಮಾಡುತ್ತಿದ್ದ. "ಲೇ ಅಮ್ಮಿ, ಇಂಗೆ ಒಂದೊಂದ್ ಕಾಳ್ಗೂ ಮುದ್ದು ಮಾಡ್ಕಂಡು ಕೂತ್ರೆ ಸಾರು ಯುಗಾದಿಗೆ ಆಯ್ತದೆ" ಎಂದು ರೇಗಿಸಿದ.

"ನೀನು ಬೇಳೆ ಬಾಯ್ಗಾಕ್ಕಳೋದು ಬುಟ್ರೆ ಈಗ್ಲೇ ಆಯ್ತದೆ ಮಾವ" ಅಂದಳು ಅಕ್ಕ. ಅಜ್ಜಿ ಕೆಮ್ಮು ಬರುವಷ್ಟು ನಕ್ಕಳು. ಮಾವನ ಹೆಂಡತಿ, ನಮ್ಮ ಅತ್ತೆ, ಒಲೆಯ ಮುಂದಿನಿಂದಲೇ "ಸರಿಯಾಗಿ ಏಳ್ದೆ ಕಣವ್ವ" ಎಂದು ಕೂಗಿದಳು. ಮಾವನ ಮೈಯಿಂದ ಹರಳೆಣ್ಣೆಯ ವಾಸನೆ, ಎತ್ತಿನ ವಾಸನೆ ಬರುತ್ತಿತ್ತು. ಆ ವಾಸನೆ ನನಗೆ ಇಷ್ಟವಾಗಿತ್ತು. ಇದನ್ನು ಬರೆಯಬೇಕು ಎನ್ನಿಸುತ್ತದೆ, ಯಾಕೆಂದರೆ ಮುಂದೆ ಅವನ ಬಗ್ಗೆ ಇಂಥ ಮಾತು ಬರೆಯಲು ನನ್ನಲ್ಲಿ ಇಲ್ಲ.

ಮಾರನೆಯ ಬೆಳಿಗ್ಗೆ ಅಟ್ಟದಿಂದ ಒಂದು ಇಲಿ ಬೀಸುವ ಕಲ್ಲಿನ ಪಕ್ಕಕ್ಕೆ ಬಿತ್ತು. ಒಂದು ಸುತ್ತು ಸುತ್ತಿ ಹಾಗೆಯೇ ಬಿದ್ದುಕೊಂಡಿತು. ಅಜ್ಜಿ ಅವ್ವನ ಮುಖ ನೋಡಿದಳು. ಅಷ್ಟು ಹೊತ್ತಿಗೆ ನಂಜನಗೂಡಿನ ಕಡೆ ಪಿಳೇಗು ಬೇನೆ ಬಂದಿರುವ ಸುದ್ದಿ ಎಲ್ಲರಿಗೂ ತಿಳಿದಿತ್ತು. ಮಾವನೇ ಗಾಡಿ ಹೂಡಿ, ನಮ್ಮನ್ನು ಹತ್ತಿಸಿ, "ನಿಂತ್ಕಬ್ಯಾಡಿ, ಓಗಿ" ಎಂದ.

ಆ ಚಳಿಗಾಲದಲ್ಲಿ ಊರಿಗೆ ಊರೇ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿತು. ಸತ್ತವರನ್ನು ಮುಟ್ಟಲು ಮಕ್ಕಳೇ ಹೆದರಿದರು. ಆಗ ಹೆಣ ಹೊರಲು ಮುಂದೆ ಬಂದವರು ನಾಲ್ಕು ಜನ, ಅವರಲ್ಲಿ ನಮ್ಮ ಮಾವ ಒಬ್ಬ. ಯಾವ ಜಾತಿ, ಯಾವ ಕೇರಿ ಎಂದು ನೋಡದೆ ಹೊತ್ತರು, ಗುಂಡಿ ತೋಡಿದರು, ಮಣ್ಣು ಮಾಡಿದರು. ವಾಸನೆ ತಡೆಯಲಿ, ಭಯ ಹೋಗಲಿ ಎಂದು ಊರ ಯಜಮಾನರೇ ಅವರಿಗೆ ಸಾರಾಯಿ ತರಿಸಿ ಕೊಡುತ್ತಿದ್ದರಂತೆ. ಅದಕ್ಕೆ ಮೊದಲು ಮಾವ ಎಲೆ ಅಡಿಕೆ ಬಿಟ್ಟು ಬೇರೇನೂ ಕಂಡವನಲ್ಲ.

ಆ ನಾಲ್ವರಲ್ಲಿ ಇಬ್ಬರು ಅದೇ ಪಿಳೇಗಿಗೆ ಹೋದರು. ಇನ್ನೊಬ್ಬನು ಊರು ಮತ್ತೆ ಮನೆ ಸೇರಿದ ದಿನ ಹೊಳೆಯಲ್ಲಿ ಮುಳುಗಿ ಎದ್ದು, ಆಮೇಲೆ ಸಾರಾಯಿ ಮುಟ್ಟಲಿಲ್ಲ. ಮಾವ ಬಿಡಲಿಲ್ಲ. ಊರಾಚೆಯ ಈಚಲು ತೋಪಿನ ಪಕ್ಕ ಸಾರಾಯಿ ಮಾರುವ ಪಡಖಾನೆ ಇತ್ತು. ಮೊದಲು ಸಂಜೆ ಹೋಗುತ್ತಿದ್ದ, ಆಮೇಲೆ ಮಧ್ಯಾಹ್ನ, ಆಮೇಲೆ ಬಾಯಿ ಮುಕ್ಕಳಿಸುವ ಮೊದಲೇ.

ಅವನಿಗೆ ಯಾರೂ ಏನೂ ಹೇಳುವ ಹಾಗಿರಲಿಲ್ಲ. ಹೇಳಲು ಬಂದವರ ಎದುರಿಗೆ ನಿಂತು, ಬಲಗೈಯಿಂದ ತನ್ನ ಎಡ ಹೆಗಲನ್ನು ತಟ್ಟಿಕೊಂಡು, "ನಿಮ್ಮಪ್ಪನ್ನ ಹೊತ್ತವನು ಕಣ್ಲಾ ನಾನು" ಅನ್ನುತ್ತಿದ್ದ. ಅಪ್ಪನಲ್ಲದಿದ್ದರೆ ತಾಯಿ, ತಾಯಿಯಲ್ಲದಿದ್ದರೆ ತಮ್ಮ. ಅವನು ಹೆಣ ಹೊರದ ಮನೆ ಆ ಊರಲ್ಲಿ ಎಷ್ಟಿತ್ತು? ಅವರು ತಲೆ ತಗ್ಗಿಸಿ ಹೋಗುತ್ತಿದ್ದರು. ಒಂದು ಸಲ ಪಕ್ಕದ ಮನೆಯವರ ಕುರಿದೊಡ್ಡಿಯಲ್ಲಿ ಬಿದ್ದು, ಕುರಿಮರಿಯೊಂದು ಅವನ ಮೈ ಕೆಳಗೆ ಸಿಕ್ಕಿ ಸತ್ತಿತು. ಅವರು ಜಗಳಕ್ಕೆ ಬಂದರು. ಮಾವ ಹೆಗಲು ತಟ್ಟಿದ. ಅವರು ಸತ್ತ ಮರಿಯನ್ನು ಎತ್ತಿಕೊಂಡು ಹೊರಟುಹೋದರು. ಅತ್ತೆ ಅವರ ಹಿಂದೆಯೇ ಹೋಗಿ ಬೇಲಿಯ ಹತ್ತಿರ ಕೈ ಮುಗಿದು ನಿಂತಳು. ಯಾರೂ ತಿರುಗಿ ನೋಡಲಿಲ್ಲ.

ಕುಡುಕರು ಹಾಡುತ್ತಾರೆ, ನಗಿಸುತ್ತಾರೆ ಎಂದು ಹೇಳುವವರಿದ್ದಾರೆ. ಅವರ ಮನೆಯಲ್ಲಿ ಕುಡುಕರು ಇರಲಿಲ್ಲ ಎಂದು ಕಾಣುತ್ತದೆ. ನಾನು ಕಂಡದ್ದನ್ನು ಹೇಳುತ್ತೇನೆ. ನೀರು ತುಂಬಿದ ಕೊಡಗಳ ಸಾಲಿನ ಮೇಲೆ ಅವನು ಉಚ್ಚೆ ಹೊಯ್ದದ್ದನ್ನು ಕಂಡಿದ್ದೇನೆ. ವಾಂತಿ ಮೆತ್ತಿದ ಮೀಸೆಯಲ್ಲಿ ಕೂತು ಮುದ್ದೆ ಮುರಿದದ್ದನ್ನು, ಆ ಕೈಯನ್ನೇ ಎಲ್ಲರ ಸಾರಿನ ಮಡಕೆಗೆ ಅದ್ದಿದ್ದನ್ನು ಕಂಡಿದ್ದೇನೆ. ಅವನು ಮಲಗುವ ಮೂಲೆಯಲ್ಲಿ ಅತ್ತೆ ಒಂದು ಮುರುಕು ಬಿದಿರಿನ ಮಂಕರಿಯ ತುಂಬ ಬೂದಿ ಇಟ್ಟಿರುತ್ತಿದ್ದಳು. ಕಕ್ಕಿದ ಮೇಲೆ ಸುರಿಯಲು. ಬೂದಿಗೆಂದೇ ಆ ಮನೆಯಲ್ಲಿ ಒಲೆ ಹೆಚ್ಚು ಹೊತ್ತು ಉರಿಯುತ್ತಿತ್ತು. ಹರಳೆಣ್ಣೆ, ಎತ್ತು ಎಲ್ಲ ಹೋಗಿ ಅವನ ಮೈಗೆ ಹುಳಿಹಿಟ್ಟಿನ ವಾಸನೆ ಬಂತು. ಅವನು ಒರಗುತ್ತಿದ್ದ ಕಂಬಕ್ಕೂ ಬಂತು.

ಮನೆಯವರು ಅವನ ಸುತ್ತ ಬದುಕು ಹೊಂದಿಸಿಕೊಂಡರು. ಮಡಕೆಗಳು ನೆಲುವಿಗೆ ಏರಿದವು. ಸಂಜೆಗೆ ನೆಂಟರನ್ನು ಉಳಿಸಿಕೊಳ್ಳುವುದು ನಿಂತಿತು. ಅವನ ಮಗ, ಆಗಿನ್ನೂ ಮೀಸೆ ಮೂಡದವನು, ಅಪ್ಪ ಬೀದಿಯಲ್ಲಿ ಬರುವುದು ಕಂಡರೆ ತಾನು ಮುಂದಾಗಿ ಬಂದು ದಾರಿಯ ಮಕ್ಕಳನ್ನೆಲ್ಲ ಓಡಿಸುತ್ತಿದ್ದ. ಅಪ್ಪನನ್ನು ಅವರು ನೋಡಬಾರದೆಂದು. ಅತ್ತೆ ಗಂಡನನ್ನು 'ಅವರು' ಅನ್ನುವುದನ್ನು ಬಿಟ್ಟಿದ್ದಳು. ಸಂಜೆ ನೆರೆಯವಳು "ಬಂತಾ?" ಎಂದು ಕೇಳುತ್ತಿದ್ದಳು, ಹಸುವನ್ನೋ ಎಮ್ಮೆಯನ್ನೋ ಕೇಳಿದ ಹಾಗೆ. ಅತ್ತೆ "ಬಂತು, ಬಿದ್ಕಂಡದೆ" ಅನ್ನುತ್ತಿದ್ದಳು.

ಅಜ್ಜಿಗೆ ಮಗನ ತಪ್ಪು ಕಾಣುತ್ತಿರಲಿಲ್ಲ. "ಊರಿಗೆ ಹೆಗಲು ಕೊಟ್ಟೋನು. ಮನೇಲಿ ನೆಮ್ಮದಿ ಇದ್ದಿದ್ರೆ ಯಾಕ್ ಕುಡ್ಯಾಕೋಯ್ತಿದ್ದ?" ಎಂದು ಸೊಸೆಗೆ ಕೇಳುವ ಹಾಗೆ ಹೇಳುತ್ತಿದ್ದಳು. ಅತ್ತೆ ಒಲೆಗೆ ಸೌದೆ ನೂಕುತ್ತಿದ್ದಳು. ಒಂದು ಸಲ ಮಾತ್ರ, ಬೂದಿಯ ಮಂಕರಿಯನ್ನು ತಂದು ಅಜ್ಜಿಯ ಮುಂದೆ ಇಟ್ಟು, "ಇವತ್ತು ನಿಮ್ ಮಗನ ನೆಮ್ಮದೀನ ನೀವೇ ಬಾಚಿ" ಅಂದಳು. ಅಜ್ಜಿ ಆ ಹೊತ್ತು ಊಟ ಮಾಡಲಿಲ್ಲ. ಬಾಚಿದ್ದು ಅತ್ತೆಯೇ.

ಇಂಥ ಮನೆಗೆ ನಮ್ಮವ್ವ ಅಕ್ಕನನ್ನು ಕೊಟ್ಟಳು.

ನಮ್ಮಲ್ಲಿ ಸೋದರಮಾವನ ಮಗನಿಗೆ ಹೆಣ್ಣು ಕೊಡುವುದು ಹೊಸದಲ್ಲ. ಆದರೆ ಅಪ್ಪ ಒಪ್ಪಿರಲಿಲ್ಲ. ಅವರಿಬ್ಬರೂ ಮಾತಾಡಿಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ. ಅಪ್ಪ ಹಗ್ಗ ಹೊಸೆಯುತ್ತಿದ್ದ.

"ನಮ್ಮಣ್ಣ ಕೆಟ್ಟೋನಲ್ಲ ಕಣಿ" ಅಂದಳು ಅವ್ವ. "ಸೊಸೆ ಅಂತ ಒಂದು ಎಣ್ಮಗ ಕಣ್ಮುಂದೆ ಓಡಾಡ್ತಿದ್ರೆ ನಾಚ್ಕತಾನೆ. ಸರಿಯೋಯ್ತಾನೆ."

"ಎಂಡ್ರಿಗೆ ನಾಚ್ದೇ ಇರೋನು ಸೊಸೇಗ್ ನಾಚ್ತನಾ?"

"ಉಡ್ಗ ಚೆನ್ನಾಗವ್ನೆ. ಒಂದು ತೊಟ್ಟು ಮುಟ್ಟಾಕಿಲ್ಲ."

"ಉಡ್ಗನ್ ಜೊತೇಲಿ ಅವ್ರಪ್ಪನ್ನೂ ಕಟ್ಕಂಡಂಗಾಯ್ತದೆ ಕಣೆ ನಿನ್ ಮಗ್ಳು."

ಅವ್ವ ಅತ್ತಳು. ತವರು ಕೈ ಬಿಟ್ಟುಹೋಗುತ್ತದೆ ಎಂದಳು. ಅಪ್ಪ ಹಗ್ಗದ ಮೇಲೆ ಕಣ್ಣಿಟ್ಟು "ನಿಮ್ಮಿಷ್ಟ" ಅಂದ. ಆ ವರ್ಷ ಮದುವೆ ಆಯಿತು. ಮದುವೆಯ ದಿನಗಳಲ್ಲಿ ಮಾವ ಕುಡಿಯಲಿಲ್ಲ. ಕೈ ನಡುಗುತ್ತಿತ್ತು, ಹಣೆಯಲ್ಲಿ ಬೆವರು ಸುರಿಯುತ್ತಿತ್ತು, ಆದರೂ ಕುಡಿಯಲಿಲ್ಲ. ಎಲ್ಲರೂ ಅದನ್ನೇ ಮಾತಾಡಿದರು. ಮದುಮಗಳ ಬಗ್ಗೆ ಮಾತಾಡಿದವರು ಕಡಿಮೆ. ಅವ್ವನ ಮುಖದಲ್ಲಿ ಗೆದ್ದ ಕಳೆ ಇತ್ತು. ಚಪ್ಪರದ ಸೋಗೆ ಒಣಗುವ ಮೊದಲೇ ಅವನು ಮತ್ತೆ ಪಡಖಾನೆಗೆ ಹೋದ.

ಮದುವೆಯಾದ ಮೇಲೆ ನಾನು ಅಲ್ಲಿಗೆ ಹೋದಾಗ ಒಂದು ಮಧ್ಯಾಹ್ನ ಮಾವ ಜಗಲಿಯ ಮೇಲೆ ಕುಸಿದು ಕೂತಿದ್ದ. ಪಂಚೆ ಒದ್ದೆಯಾಗಿ ತೊಡೆಗೆ ಅಂಟಿಕೊಂಡಿತ್ತು. ಅಕ್ಕ ಒಂದು ಚೆಂಬು ನೀರು ತಂದು ಅವನ ಬಾಯಿ ತೊಳೆದಳು, ಎದೆ ತೊಳೆದಳು. ಅವನು ಅವಳ ಸೆರಗನ್ನು ಎಳೆದು ಅದರಲ್ಲೇ ಬಾಯಿ ಒರೆಸಿಕೊಂಡು, "ನೀನು ನನ್ ತಾಯಿ ಕಣವ್ವ, ನನ್ನೆತ್ತ ತಾಯಿ" ಎಂದು ಗೊಳೋ ಎಂದು ಅತ್ತ. ಬೀದಿಯಲ್ಲಿ ಹೋಗುತ್ತಿದ್ದವನೊಬ್ಬ ನಿಂತು, "ನೋಡು, ಸೊಸೆ ಮ್ಯಾಗೆ ಎಂಥ ಪ್ರೀತಿ" ಅಂದ. ಅಕ್ಕ ಸೆರಗನ್ನು ಮೈಯಿಂದ ದೂರ ಹಿಡಿದುಕೊಂಡು ಹಿತ್ತಿಲಿಗೆ ಹೋದಳು. ನಾನು ಹಿಂದೆ ಹೋದೆ.

"ಅವ್ವಂಗೆ ಏಳ್ಬ್ಯಾಡ ಕಣಮ್ಮಿ" ಅಂದಳು. ಸೆರಗು ತೊಳೆದು ಹಿಂಡಿ, "ನನ್ ಕೈ ಮೂಸಿ ನೋಡು, ವಾಸ್ನೆ ಬತ್ತದಾ?" ಎಂದು ಕೇಳಿದಳು. ಬೂದಿಯ ವಾಸನೆ ಬರುತ್ತಿತ್ತು. ಇಲ್ಲ ಅಂದೆ.

ಚೊಚ್ಚಲ ಬಾಣಂತನ ತವರಲ್ಲಿ. ಅಕ್ಕ ಬಸುರಾಗಿ ದಿನ ತುಂಬುತ್ತ ಬಂದಾಗ ಅವ್ವನೂ ನಾನೂ ಮಡಿಲಕ್ಕಿ, ಹಣ್ಣು, ಎಲೆ ಅಡಿಕೆ ತಗೊಂಡು ಗಾಡಿ ಕಟ್ಟಿಕೊಂಡು ಕರೆಯಲು ಹೋದೆವು. ನಮ್ಮವರಲ್ಲಿ ಒಂದು ಪದ್ಧತಿ ಇದೆ. ಗಂಡನ ಮನೆಯ ಯಜಮಾನ ತಾಂಬೂಲ ತೆಗೆದುಕೊಂಡು 'ಹೋಗಿ ಬಾ' ಅನ್ನದೆ ಬಸುರಿ ಆ ಮನೆಯ ಹೊಸಿಲು ದಾಟುವುದಿಲ್ಲ. ಯಜಮಾನ ಮಾವನೇ. ಅವನು ಕುಡಿದಿದ್ದ.

ಅವ್ವ ತಟ್ಟೆ ಮುಂದಿಟ್ಟು, "ಅಣ್ಣಯ್ಯ, ಮಗೀನ ಕರ್ಕಂಡೋಯ್ತೀವಿ, ಅಪ್ಪಣೆ ಕೊಡು" ಅಂದಳು.

"ಓಗ್ಲಿ. ಬ್ಯಾಡ ಅಂದೋರ್ಯಾರು? ಅವ್ಳೂ ಓಗ್ಲಿ, ನೀನೂ ಓಗು, ಎಲ್ಲಾರೂ ಓಗಿ" ಎಂದ. ಕೈ ಬೀಸಿದ ಹೊಡೆತಕ್ಕೆ ತಟ್ಟೆ ಮಗುಚಿತು.

ನಾನು ಅಕ್ಕನ ಗಂಟು ಎತ್ತಿಕೊಂಡೆ. ಅಪ್ಪಣೆ ಸಿಕ್ಕಿತಲ್ಲ ಎಂದು. ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. "ಕುಡ್ದ ಬಾಯಲ್ಲಿ ಬಂದದ್ದು ಅಪ್ಪಣೆ ಅಲ್ಲ ಕಣವ್ವ. ಅದ್ನ ನಂಬ್ಕಂಡು ಓಸ್ಲು ದಾಟಿದ್ರೆ ಕೂಸ್ಗೆ ಒಳ್ಳೇದಲ್ಲ. ಬೆಳಿಗ್ಗೆ ಸರಿಯಾಗಿರ್ತಾನೆ, ಕೇಳಿ." ಅವ್ವನೂ ಹೌದೆಂದಳು.

ಬೆಳಿಗ್ಗೆ ನಾವು ಏಳುವ ಮೊದಲೇ ಅವನು ಹೋಗಿದ್ದ. ದನ ತಿರುಗಿ ಬರುವ ಹೊತ್ತಿಗೆ ಬಂದ. ಅವ್ವ ಅವನ ಕಾಲಿಗೆ ಬಿದ್ದಳು. ಅವಳ ಬೆನ್ನ ಮೇಲೆ ಅವನ ಜೊಲ್ಲು ಇಳಿಯಿತು. ಅವನು ಹೆಗಲು ತಟ್ಟಿಕೊಂಡು, "ಊರ್ನೇ ಹೊತ್ತವನು ನಾನು, ನನ್ನ ಕೇಳ್ದೆ ಗಾಡಿ ಕಟ್ಕಂಡ್ ಬಂದವ್ರೆ" ಎಂದು ಬೀದಿಗೆ ಕೇಳುವ ಹಾಗೆ ಕೂಗಿದ. ನಾವು ಬರಿಗಾಡಿಯಲ್ಲಿ ತಿರುಗಿದೆವು. ಅಕ್ಕ ಹೊಸಿಲ ಒಳಗಡೆ ನಿಂತು, "ಮುಂದಿನ ವಾರ ಬಾ ಅವ್ವ, ಅಸ್ಟ್ರಲ್ಲಿ ಮಾವ ಸರಿಯಾಗಿರ್ತಾರೆ" ಅಂದಳು.

ವಾರ ತುಂಬುವ ಮೊದಲೇ ಅವಳಿಗೆ ನೋವು ಬಂತು. ಆ ದಿನದ್ದನ್ನು ನಾನು ಕಂಡಿಲ್ಲ. ಅತ್ತೆ ಹೇಳಿದ್ದು.

ಬೆಳಿಗ್ಗೆಯೇ ಸೂಲಗಿತ್ತಿ ಹೊರಗೆ ಬಂದು, "ನನ್ ಕೈಲಿ ಆಗಾಕಿಲ್ಲ. ನಂಜನಗೂಡಿನ ಆಸ್ಪತ್ರೆಗೆ ಎತ್ಕಂಡೋಗಿ" ಅಂದಳಂತೆ. ಭಾವ, ಅಂದರೆ ಅಕ್ಕನ ಗಂಡ, ಗಾಡಿ ತಂದು ನಿಲ್ಲಿಸಿದ. ಹುಲ್ಲು ಹರಡಿ ಕಂಬಳಿ ಹಾಸಿದ. ಎತ್ತಿಗೆ ನೊಗ ಏರಿತು. ಹೊರಟಿದ್ದರೆ ಹೊತ್ತು ನೆತ್ತಿಗೇರುವ ಮೊದಲು ಮುಟ್ಟಬಹುದಿತ್ತು. ಆಗ ಅಜ್ಜಿ, "ಯಜಮಾನ್ನ ಕೇಳ್ದೆ ಎಂಗ್ಲಾ ಓಸ್ಲು ದಾಟಿಸ್ತೀಯ? ಓಗಿ ಕರ್ಕಂಬಾ" ಅಂದಳು. ಅತ್ತೆ, "ಎತ್ಲಾ ಮಗ, ನಾನಿವ್ನಿ, ಎತ್ತು" ಎಂದು ಕೂಗಿದಳು. ಭಾವ ತಾಯಿಯನ್ನು ನೋಡಿದ, ಅಜ್ಜಿಯನ್ನು ನೋಡಿದ, ಪಡಖಾನೆಯ ಕಡೆಗೆ ಓಡಿದ.

ಮಾವ ಅಲ್ಲಿರಲಿಲ್ಲ. ಭಾವ ತೋಪು ಹುಡುಕಿದ, ಕೆರೆ ಏರಿ ಹುಡುಕಿದ, ಪಕ್ಕದೂರಿಗೆ ಹೋದ. ಎತ್ತುಗಳು ನೊಗ ಹೊತ್ತು ನಿಂತೇ ಇದ್ದವು. ಗಾಡಿಯ ಸುತ್ತ ಊರ ಗಂಡಸರು ನಿಂತಿದ್ದರು. ಎಲ್ಲರೂ ಗಟ್ಟಿ ಆಳುಗಳು, ಎಲ್ಲರೂ ನೆಟ್ಟಗಿದ್ದವರು. ಅತ್ತೆ ಒಬ್ಬೊಬ್ಬರ ಮುಂದೆಯೂ ಹೋಗಿ ಬೇಡಿದಳಂತೆ. "ಯಜಮಾನ್ರು ಬರ್ಲಿ ಕಣವ್ವ, ಈಗ್ ಬಂದ್ಬುಡ್ತಾರೆ" ಅಂದರಂತೆ. ಮಧ್ಯಾಹ್ನ ಹೆಣ್ಣು ಕೂಸು ಹುಟ್ಟಿತು. ರಕ್ತ ನಿಲ್ಲಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಭಾವ ತನ್ನಪ್ಪನನ್ನು ರಟ್ಟೆ ಹಿಡಿದು ಎಳೆದುಕೊಂಡು ಬಂದ. ಮಾವ ಹೊಸಿಲ ಮೇಲೆ ನಿಂತು, ಬಾಗಿಲುವಾಡ ಹಿಡಿದುಕೊಂಡು, ಒಳಗಿನ ಕತ್ತಲೆಗೆ ಕೈ ಎತ್ತಿ, "ಓಗ್ಬುಟ್ಟು ಬಾ ತಾಯಿ" ಅಂದನಂತೆ. ಅಕ್ಕ ಹೋಗಿ ಆಗಲೇ ಸ್ವಲ್ಪ ಹೊತ್ತಾಗಿತ್ತು.

ನಾವು ಬರುವಷ್ಟರಲ್ಲಿ ಅಂಗಳ ತುಂಬಿತ್ತು. ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದವನು ಅವನು. ನೆಲಕ್ಕೆ ಹಣೆ ಜಜ್ಜಿಕೊಳ್ಳುತ್ತಿದ್ದ, ಜನ ಅವನನ್ನು ಹಿಡಿದುಕೊಂಡು ನೀರು ಕುಡಿಸುತ್ತಿದ್ದರು. "ತಡ್ಕಳ್ಳಿ ಯಜಮಾನ್ರೆ, ನೀವೇ ಇಂಗಾದ್ರೆ ಎಂಗೆ" ಎಂದು ಬೆನ್ನು ಸವರುತ್ತಿದ್ದರು. ಅಕ್ಕನ ತಲೆಯ ಹತ್ತಿರ ಅತ್ತೆ ಒಬ್ಬಳೇ ಕೂತಿದ್ದಳು. ಮಣ್ಣಿಗೆ ಎತ್ತುವಾಗ ಅವನು ಎದ್ದು ಬಂದು ಹೆಗಲು ಕೊಟ್ಟ. ಯಾರೂ ತಡೆಯಲಿಲ್ಲ. ನಮ್ಮಪ್ಪನೂ ತಡೆಯಲಿಲ್ಲ. ನಾನು ಹಿತ್ತಿಲಿಗೆ ಹೋಗಿ ವಾಂತಿ ಮಾಡಿಕೊಂಡೆ.

ಆಮೇಲೆ ಅವನಿಗೆ ಇನ್ನೊಂದು ಮಾತು ಸಿಕ್ಕಿತು. ಬೇಡ ಅಂದವರಿಗೆಲ್ಲ, "ನನ್ ಸೊಸೇನೂ ನಾನೇ ಹೊತ್ತೆ ಕಣ್ಲಾ, ಇನ್ಯಾಕೆ ಬದುಕ್ಲಿ" ಅನ್ನುತ್ತಿದ್ದ. ಅಕ್ಕನ ಸಾವನ್ನು ಪಡಖಾನೆಯಲ್ಲಿ ಕೂತು ದಿನವೂ ಹೇಳಿ ಹೇಳಿ, ಕೇಳಿದವರಿಂದ ಕುಡಿಸಿಕೊಳ್ಳುತ್ತಿದ್ದ. ಇದನ್ನು ನಾನು ಬೇರೆಯವರ ಬಾಯಿಂದ ಕೇಳಿದೆ. ಅವ್ವನೂ ಕೇಳಿದಳು. ಕೇಳಿಯೂ, "ಪಾಪ, ಅವನ್ಗೂ ಒಟ್ಟೇಲಿ ಸಂಕ್ಟ ಇರಾಕಿಲ್ವಾ" ಅಂದಳು. ಆ ದಿನ ಅವಳ ಕೈಯ ಊಟ ನನಗೆ ಸೇರಲಿಲ್ಲ.

ಕೂಸನ್ನು ನಾವು ನರಸೀಪುರಕ್ಕೆ ತಂದೆವು. ಭಾವ ಮತ್ತೆ ಮದುವೆಯಾಗಲಿಲ್ಲ, ಕುಡಿಯಲೂ ಇಲ್ಲ. ಅವನು ಯಾವುದನ್ನೂ ಮಾಡಲಿಲ್ಲ. ಬೀಜ ಬಿತ್ತುವುದಿರಲಿ, ಸೂರು ಹೊದಿಸುವುದಿರಲಿ, "ಅಪ್ಪನ್ನ ಕೇಳ್ಬೇಕು" ಅನ್ನುತ್ತಿದ್ದ. ಅಪ್ಪ ಜಗಲಿಯಲ್ಲಿ ಬಿದ್ದಿರುತ್ತಿದ್ದ. ಹಾಗೆಯೇ ಒಂದೊಂದು ಹೊಲ ಬೀಳು ಬಿತ್ತು. ಅಜ್ಜಿ ಮಗನನ್ನು ಕೊನೆಯ ತನಕ ಹೊಗಳಿ ಹೋದಳು.

ಮಾವ ಮೊನ್ನೆ ಸತ್ತ. ಹೊಟ್ಟೆ ಊದಿ, ಕಣ್ಣು ಹಳದಿಯಾಗಿ, ತುಂಬ ದಿನ ಹಾಸಿಗೆಯಲ್ಲಿ ಇದ್ದ. ನಾನು ಹೋಗಿದ್ದೆ, ಅತ್ತೆಗೋಸ್ಕರ. ಊರಿಗೆ ಊರೇ ಸೇರಿತ್ತು. ಊರಿಗೆ ಹೆಗಲು ಕೊಟ್ಟವನು ಎಂದು ಒಬ್ಬರಾದ ಮೇಲೆ ಒಬ್ಬರು ಹೇಳಿದರು. ಪಿಳೇಗಿನಲ್ಲಿ ಅವನ ಜೊತೆ ಹೆಣ ಹೊತ್ತು ಬದುಕಿ ಉಳಿದಿದ್ದ ಮುದುಕ ಬೇಲಿಯ ಪಕ್ಕ ಕೂತಿದ್ದ. ಹಾದುಹೋಗುವಾಗ ನನ್ನನ್ನು ನೋಡಿ, "ನಾನೂ ಹೊತ್ತಿದ್ದೆ ಕಣವ್ವ" ಅಂದ. ಅಷ್ಟೇ ಅಂದ. ಅವನ ಮಾತು ಯಾರೂ ಕೇಳಲಿಲ್ಲ.

ಗುಂಡಿ ಎಲ್ಲಿ ತೋಡಬೇಕು ಎಂದು ಆಳುಗಳು ಭಾವನನ್ನು ಕೇಳಿದರು. ಭಾವ ಹೆಣದ ಕಡೆ ತಿರುಗಿ, "ಅಪ್ಪನ್ನ..." ಅಂದವನು ಅಲ್ಲಿಗೇ ನಿಲ್ಲಿಸಿದ. ಅತ್ತೆ ಜಾಗ ತೋರಿಸಿದಳು. ಹೆಣ ಎತ್ತಿದ ಮೇಲೆ ಬೂದಿಯ ಮಂಕರಿಯನ್ನು ಕೊಂಡೊಯ್ದು ತಿಪ್ಪೆಗೆ ಎಸೆದು ಬಂದು, ಆ ಮೂಲೆಯನ್ನು ಸಗಣಿ ಹಾಕಿ ಸಾರಿಸಿದಳು. ಅವಳು ಅಳಲಿಲ್ಲ. ನಾನೂ ಅಳಲಿಲ್ಲ. ಸಾರಿಸಿದ ನೆಲದಿಂದ ಆ ಹುಳಿ ವಾಸನೆ ಮತ್ತೆ ಎದ್ದಿತು.

ತಿರುಗಿ ಬಂದ ದಿನ ಅಕ್ಕನ ಮಗಳು ನನ್ನ ಹತ್ತಿರ ಕೂತು, "ಚಿಕ್ಕವ್ವ, ನಮ್ಮವ್ವ ಎಂಗ್ ಮಾತಾಡ್ತಿದ್ಲು?" ಎಂದು ಕೇಳಿದಳು. ಅಕ್ಕ ಅಂದ ಮಾತುಗಳನ್ನು ಹೇಳಿದೆ. "ಅಂಗಲ್ಲ, ಅವ್ಳ ತರಾನೇ ಮಾತಾಡಿ ತೋರ್ಸು" ಅಂದಳು. ಬಾಯಿ ತೆರೆದೆ. ಮಾವನ ಕೆಮ್ಮು, ಮಾವನ ಗೊರಕೆ, ಅವನು ಹೆಗಲು ತಟ್ಟುವ ಸದ್ದು, ಬೀದಿಯ ತುದಿಯಿಂದ ಅವನು ಕೂಗುತ್ತಿದ್ದ ರಾಗ, ಇವೆಲ್ಲ ಈಗಲೂ ನನ್ನ ಕಿವಿಯಲ್ಲಿವೆ. ಆ ಮನೆಯಲ್ಲಿ ಎಲ್ಲರೂ ಕಿವಿ ಕೊಟ್ಟು ಕೂತಿದ್ದು ಅವನಿಗೆ. ಅಕ್ಕ ಮೆಲ್ಲಗೆ ಮಾತಾಡುತ್ತಿದ್ದಳು.

ಅಕ್ಕನ ದನಿ ನನಗೆ ನೆನಪಿಲ್ಲ.